ಹಸುಗೂಸಿನ ನೀಲಿ ಮಚ್ಚೆ, ತಾಯ್ತಂದೆಯರಿಗೆ ತನಿಖೆ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟಿದ್ದೀರಾ? ಹಾಗಾದರೆ ಈ ವಿಷಯ ನಿಮಗೆ ತಿಳಿದಿರಲಿ.

ನಮ್ಮ ಹಸುಗೂಸುಗಳ ಪೃಷ್ಠ, ಸೊಂಟದ ಮೇಲೆ ನೀಲಿ-ಬೂದು ಬಣ್ಣದ ಮಚ್ಚೆ ಇರುವುದು ಸಾಮಾನ್ಯ. ಚರ್ಮದ ಆಳದಲ್ಲಿ ಉಳಿದ ವರ್ಣಕೋಶಗಳೇ ಇದಕ್ಕೆ ಕಾರಣ. ಇದರಿಂದ ಅಪಾಯವಿಲ್ಲ. ಹೆಚ್ಚಿನ ಮಕ್ಕಳಲ್ಲಿ ಕೆಲವು ವರ್ಷಗಳಲ್ಲಿ ತಾನಾಗಿಯೇ ಮಾಸುತ್ತದೆ. ಆದರೆ ಇದರ ಪರಿಚಯವಿಲ್ಲದವರು ಪೆಟ್ಟಿನ ಕಲೆಯೆಂದು ಶಂಕಿಸಬಹುದು. ಪೆಟ್ಟಿನ ಕಲೆ ದಿನಕ್ಕೊಂದು ಬಣ್ಣ ತಾಳಿ ಎರಡು-ಮೂರು ವಾರಗಳಲ್ಲಿ ಮಾಯವಾಗುತ್ತದೆ, ಹುಟ್ಟುಮಚ್ಚೆ ಹಾಗಲ್ಲ.

ಮಗುವಿಗೆ ಹಿಂಸೆಯಾಗಿದೆಯೆಂಬ ಶಂಕೆ ಬಂದರೆ ಅಲ್ಲಿನ ವೈದ್ಯರು, ದಾದಿಯರು ಸರ್ಕಾರಕ್ಕೆ ತಿಳಿಸಲೇಬೇಕು. ಮಕ್ಕಳ ರಕ್ಷಣೆಗಾಗಿಯೇ ಇರುವ ಕಾನೂನು ಇದು. ಆಗ ಅಧಿಕಾರಿಗಳು ಮನೆಗೆ ಬಂದು ವಿಚಾರಿಸುತ್ತಾರೆ.

ಈ ತನಿಖೆ ತಾಯ್ತಂದೆಯರ ಮೇಲೆ ಶಾಶ್ವತ ಕಳಂಕವಾಗಿ ಉಳಿಯುವುದೆ? ಅದು ತನಿಖೆಯ ತೀರ್ಮಾನವನ್ನು ಅವಲಂಬಿಸಿದೆ. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಯಾರ್ಕ್ ರಾಜ್ಯದ ಪದ್ಧತಿಯನ್ನೇ ನೋಡಿ.

ಅಲ್ಲಿ 60 ದಿನಗಳೊಳಗೆ ತೀರ್ಮಾನವಾಗಬೇಕು. ದೂರಿಗೆ ಆಧಾರವಿಲ್ಲವೆಂದಾದರೆ ಕಡತವನ್ನು ಮೊಹರು ಮಾಡಿಡುತ್ತಾರೆ; ದೂರು ಬಂದ 10 ವರ್ಷಗಳ ನಂತರ ಅಳಿಸಿಹಾಕುತ್ತಾರೆ. ಉದ್ಯೋಗ ಕೊಡುವವರಿಗೆ ಅದು ಸಿಗುವುದಿಲ್ಲ.

ಆಧಾರವಿದೆಯೆಂದಾದರೆ ಮಾತ್ರ ಹೆಸರು ರಾಜ್ಯದ ಕೇಂದ್ರ ದಾಖಲೆಯಲ್ಲಿ, ಕುಟುಂಬದ ಕಿರಿಯ ಮಗುವಿಗೆ 28 ವರ್ಷ ತುಂಬುವವರೆಗೂ ಉಳಿಯಬಹುದು. ಇದು ಅಪರಾಧದ ದಾಖಲೆಯಲ್ಲ. ಆದರೂ ಶಿಶುವಿಹಾರದ ಕೆಲಸ, ದತ್ತು ಸ್ವೀಕಾರ ಮುಂತಾದವುಗಳಿಗೆ ಅಡ್ಡಿಯಾದೀತು. 2022ರಿಂದ ಈ ತೀರ್ಮಾನಕ್ಕೆ ಹೆಚ್ಚು ಬಲವಾದ ಸಾಕ್ಷ್ಯ ಬೇಕು. ನಿರ್ಲಕ್ಷ್ಯದ ಪ್ರಕರಣಗಳನ್ನು 8 ವರ್ಷಗಳ ನಂತರ ಉದ್ಯೋಗದಾತರಿಗೆ ತಿಳಿಸುವುದೂ ಇಲ್ಲ.

ತೀರ್ಮಾನ ತಪ್ಪೆನಿಸಿದರೆ, ನೋಟೀಸು ಬಂದ 90 ದಿನಗಳೊಳಗೆ ತಿದ್ದುಪಡಿಗೆ ಅರ್ಜಿ ಹಾಕಬಹುದು. ಮುಜುಗರದಿಂದ ಆ ಕಾಗದವನ್ನು ಬೀರುವಿನಲ್ಲಿ ಮುಚ್ಚಿಡುವುದೇ ದೊಡ್ಡ ತಪ್ಪು. ಕೂಡಲೇ ವಕೀಲರನ್ನು ಕಾಣಬೇಕು.

ಇನ್ನು ಮುನ್ನೆಚ್ಚರಿಕೆಯ ಮಾತು:

* ಮೊದಲ ತಪಾಸಣೆಯಲ್ಲೇ ಮಚ್ಚೆಯನ್ನು ಮಕ್ಕಳ ವೈದ್ಯರಿಗೆ ತೋರಿಸಿ, ಅದರ ಜಾಗ, ಅಳತೆಯನ್ನು ಮಗುವಿನ ದಾಖಲೆಯಲ್ಲಿ ಬರೆಸಿ.

* ಶಿಶುವಿಹಾರಕ್ಕೆ ಸೇರಿಸುವಾಗ ಅಲ್ಲಿಯವರಿಗೂ ತಿಳಿಸಿ.

* ಮಗು ನಿಜವಾಗಿ ಬಿದ್ದು ಪೆಟ್ಟಾಗಿದ್ದರೆ ಏನನ್ನೂ ಮುಚ್ಚಿಡದೆ ವೈದ್ಯರಿಗೆ ಹೇಳಿ. ದೂರಿಗೆ ಹೆದರಿ ಚಿಕಿತ್ಸೆ ತಡಮಾಡಿದರೆ ತೊಂದರೆ ಮಗುವಿಗೇ.