ಒಂದೇ ದಿನ ಎರಡು ಲಸಿಕೆ?

ಪ್ರಶ್ನೆ: ಹುಮನಾಬಾದಿನಲ್ಲಿರುವ ನಮ್ಮ ಅತ್ತೆಗೆ ವಯಸ್ಸಾಗಿದೆ, ಸಕ್ಕರೆ ಕಾಯಿಲೆಯೂ ಇದೆ. ಫ್ಲೂ, ಕೋವಿಡ್ ಲಸಿಕೆಗಳನ್ನು ಒಟ್ಟಿಗೇ ಹಾಕಿಸಬಹುದೇ?
– ಓದುಗರು, ಬಸವಕಲ್ಯಾಣ

ಉತ್ತರ: ಧಾರಾಳವಾಗಿ. 2021ರ ಜನವರಿಯಲ್ಲಿ ಕೋವಿಡ್ ಲಸಿಕೆ ಶುರುವಾದಾಗ, ಬೇರೆ ಲಸಿಕೆಗೂ ಅದಕ್ಕೂ 14 ದಿನ ಅಂತರವಿರಲಿ ಎಂದು ನಮ್ಮಲ್ಲಿ ಹೇಳಿದ್ದರು. ಹೊಸ ಲಸಿಕೆಯೆಂಬ ಮುನ್ನೆಚ್ಚರಿಕೆ ಅದು. ಅದೇ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಫ್ಲೂ, ಕೋವಿಡ್ ಲಸಿಕೆ ಎರಡನ್ನೂ ಒಟ್ಟಿಗೆ ಕೊಡಬಹುದೆಂದಿತು. ಸರ್ಕಾರಿ ಆಸ್ಪತ್ರೆಯಲ್ಲಿ ಆರು ವಾರದ ಕೂಸಿಗೆ ಪೆಂಟಾ, ಪಿಸಿವಿ ಚುಚ್ಚಿ, ಪೋಲಿಯೊ ಹನಿ, ರೋಟಾ ಲಸಿಕೆಯನ್ನೂ ಅದೇ ದಿನ ಬಾಯಿಗೆ ಹಾಕುತ್ತಾರಲ್ಲ! ಅತ್ತೆಯವರಿಗೆ ಒಂದೊಂದು ತೋಳಿಗೆ ಒಂದೊಂದು ಹಾಕಿಸಿ. ಒಂದೆರಡು ದಿನ ತೋಳು ನೋವು, ಸಣ್ಣ ಜ್ವರ ಬರಬಹುದು. ಕೋವಿಡ್ ಲಸಿಕೆ ಕೈಗೆ ಸಿಗದಿದ್ದರೆ ಅದಕ್ಕೆ ಕಾಯುತ್ತಾ ಕೂರಬೇಡಿ. ವೈದ್ಯರನ್ನು ಕೇಳಿ, ಮಳೆಗಾಲಕ್ಕೆ ಮೊದಲೇ ಫ್ಲೂ ಲಸಿಕೆ ಹಾಕಿಸಿಬಿಡಿ. ಅದು ಪ್ರತಿ ವರ್ಷವೂ ಬೇಕು.