ಇಂಜಿನ್ ಗಣಕದ ತದ್ರೂಪು: ಮೀಸಲು ಪೆಟ್ಟಿಗೆ ಮಾಡಿಸುವ ಮುನ್ನ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ರೈತನಿಗೆ ಇಂದು ಕಾರು ಅಥವಾ ಪಿಕಪ್ ಗಾಡಿ ಕೇವಲ ಓಡಾಟದ ಸಾಧನವಾಗಿ ಉಳಿದಿಲ್ಲ. ಸೊರಬದ ಅನಾನಸ್ಸು ಮತ್ತು ಶುಂಠಿ, ಶಿಕಾರಿಪುರದ ಮೆಕ್ಕೆಜೋಳಕ್ಕೆ ಬೇಕಾದ ಬೀಜ ಗೊಬ್ಬರ, ಅಡಿಕೆ ಕೊಯ್ಲಿನ ಆಳುಗಳು, ಎಲ್ಲವೂ ಅದರ ಮೇಲೆಯೇ ಸಾಗಬೇಕು. ಕೊಯ್ದ ಅನಾನಸ್ಸು ತೋಟದ ಬದುವಿನಲ್ಲಿ ರಾಶಿಯಾಗಿರುವಾಗ ಗಾಡಿ ನಿಂತು, ಮೇಸ್ತ್ರಿಯು "ಇ.ಸಿ.ಎಂ. ಹೋಗಿದೆ, ಹೊಸದು ತರಿಸಬೇಕು" ಎಂದರೆ ಆಗುವ ನಷ್ಟ ಆ ಪೆಟ್ಟಿಗೆಯ ಬೆಲೆಯೊಂದೇ ಅಲ್ಲ. ಆದ್ದರಿಂದಲೇ ತರಬೇತಿಗೆ ಬರುವ ರೈತ ಬಾಂಧವರು ಈಚೆಗೆ "ಅದರದೊಂದು ಕ್ಲೋನ್ ಮಾಡಿಸಿ ಮನೆಯಲ್ಲಿಟ್ಟುಕೊಳ್ಳಬಹುದೇ?" ಎಂದು ಕೇಳುತ್ತಿದ್ದಾರೆ. ಬೇಸಾಯಶಾಸ್ತ್ರ ಕಲಿಸುವವನಿಗೆ ಇದು ಹೊರಗಿನ ವಿಷಯವೆಂದು ಮೊದಲು ಜಾರಿಕೊಳ್ಳುತ್ತಿದ್ದೆ. ಆದರೆ ಕ್ಲೋನ್ ಎಂಬ ಮಾತು ನಮ್ಮದೇ. ಬೀಜವಿಲ್ಲದೆ ಕಡ್ಡಿ, ಕಂದುಗಳಿಂದ ಬೆಳೆಸಿದ ಗಿಡಗಳಿಗೆ 1903ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಹರ್ಬರ್ಟ್ ವೆಬ್ಬರ್ ಈ ಹೆಸರನ್ನು ಬಳಕೆಗೆ ತಂದರು. ಸೊರಬದ ಪ್ರತಿಯೊಂದು ಅನಾನಸ್ಸಿನ ಕಂದೂ ತಾಯಿಗಿಡದ ಕ್ಲೋನ್ ಆಗಿದೆ. ತಾಯಿಯ ಗುಣದ ಜೊತೆಗೆ ತಾಯಿಯ ರೋಗವೂ ಕಂದಿನಲ್ಲಿ ಬರಬಹುದೆಂಬುದನ್ನು ಬೆಳೆಗಾರರು ಬಲ್ಲರು. ಗಣಕದ ವಿಷಯದಲ್ಲಿಯೂ ಇದು ನೆನಪಿರಲಿ.

ಪೆಟ್ಟಿಗೆಯೊಳಗೆ ಏನಿದೆ?

ಹಳೆಯ ಡೀಸೆಲ್ ಜೀಪಿನಲ್ಲಿ ಎಷ್ಟು ಎಣ್ಣೆ, ಯಾವ ಕ್ಷಣದಲ್ಲಿ ಚಿಮ್ಮಬೇಕೆಂಬುದನ್ನು ಪಂಪಿನೊಳಗಿನ ಸ್ಪ್ರಿಂಗು, ಗವರ್ನರುಗಳು ನಿರ್ಧರಿಸುತ್ತಿದ್ದವು. ಬೆಂಗಳೂರಿನ ಮೈಕೋ ಪಂಪನ್ನು ಅರಿಯದ ರೈತರಿಲ್ಲ. 1951ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯು 2008ರಲ್ಲಿ ಬಾಷ್ ಎಂಬ ಹೆಸರು ಪಡೆಯಿತು. ಆ ಪಂಪು ಕೆಟ್ಟರೆ ಪಳಗಿದ ಕೈ ಅದನ್ನು ಬಿಚ್ಚಿ ಸರಿಪಡಿಸುತ್ತಿತ್ತು. ಈಗಿನ ಗಾಡಿಗಳಲ್ಲಿ, ವಿಶೇಷವಾಗಿ 2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮಕ್ಕೊಳಪಟ್ಟು ಬಂದವುಗಳಲ್ಲಿ, ಆ ಕೆಲಸವನ್ನು ಅಂಗೈಗಿಂತ ತುಸು ದೊಡ್ಡದಾದ ಲೋಹದ ಪೆಟ್ಟಿಗೆಯೊಂದು ಮಾಡುತ್ತದೆ. ಕ್ರ್ಯಾಂಕಿನ ತಿರುಗು, ಒಳಹೋಗುವ ಗಾಳಿ, ನೀರಿನ ಬಿಸಿ, ಕಾಲಡಿಯ ಪೆಡಲು ಇವುಗಳ ಸುದ್ದಿಯನ್ನು ಸಂವೇದಕಗಳಿಂದ ಪಡೆದು ಇಂಜೆಕ್ಟರುಗಳಿಗೆ ಆಜ್ಞೆ ನೀಡುತ್ತದೆ.

ಇದರ ಸ್ಮರಣೆಯಲ್ಲಿ ಎರಡು ಬಗೆಯ ಮಾಹಿತಿ ಇರುತ್ತದೆ. ಮೊದಲನೆಯದು ಕಾರ್ಯಕ್ರಮ ಮತ್ತು ಇಂಧನದ ಕೋಷ್ಟಕಗಳು. ಇವು ಅದೇ ಮಾದರಿಯ, ಅದೇ ಆವೃತ್ತಿಯ ಎಲ್ಲಾ ಗಾಡಿಗಳಿಗೂ ಒಂದೇ. ಎರಡನೆಯದು ನಿಮ್ಮ ಗಾಡಿಗೆ ಮಾತ್ರ ಸಂಬಂಧಿಸಿದ್ದು: ಚಾಸಿ ಸಂಖ್ಯೆ, ಬೀಗದ ಕೈಯನ್ನು ಗುರುತಿಸುವ ಇಮ್ಮೊಬಿಲೈಸರ್ ಗುಟ್ಟು, ಡೀಸೆಲ್ ಇಂಜಿನ್ನಾದರೆ ಇಂಜೆಕ್ಟರುಗಳ ತಲೆಯ ಮೇಲೆ ಕೊರೆದಿರುವ ಸಂಕೇತಗಳು, ಮಸಿ ಶೋಧಕದಲ್ಲಿ ಎಷ್ಟು ಮಸಿ ಕೂತಿದೆಯೆಂಬ ಲೆಕ್ಕ. ಮೊದಲನೆಯದು ತಳಿಯಿದ್ದಂತೆ, ಎರಡನೆಯದು ನಿಮ್ಮದೇ ಹೊಲದ ಮಣ್ಣು ಪರೀಕ್ಷೆಯ ಚೀಟಿಯಿದ್ದಂತೆ.

ಗುಜರಿಯಿಂದ ತಂದ ಅದೇ ನಮೂನೆಯ ಪೆಟ್ಟಿಗೆಯನ್ನು ಜೋಡಿಸಿದರೂ ಗಾಡಿ ಸಾಮಾನ್ಯವಾಗಿ ಏಳದಿರುವುದಕ್ಕೆ ಇದೇ ಕಾರಣ. ಅದರಲ್ಲಿರುವುದು ಬೇರೊಬ್ಬರ ಹೊಲದ ಚೀಟಿ. ನಿಮ್ಮ ಕೀಲಿಯನ್ನು ಅದು ಗುರುತಿಸುವುದಿಲ್ಲ. ಎರಡೂ ಬಗೆಯ ಮಾಹಿತಿಯನ್ನು ಮೂಲ ಪೆಟ್ಟಿಗೆಯಿಂದ ಪೂರ್ತಿಯಾಗಿ ಓದಿ, ಇನ್ನೊಂದರೊಳಕ್ಕೆ ಬರೆಯುವುದಕ್ಕೆ ಕ್ಲೋನ್ ಮಾಡುವುದು ಎನ್ನುತ್ತಾರೆ.

ಕೆಟ್ಟಿರುವುದು ಗಣಕವೇ ಎಂದು ಮೊದಲು ನೋಡಿರಿ

ಒಂದು ಮಳೆಗಾಲದಲ್ಲಿ ಆನವಟ್ಟಿಯಿಂದ ಶಿರಾಳಕೊಪ್ಪದ ಕಡೆಗೆ ಬರುವಾಗ ನನ್ನ ಸ್ವಂತ ಕಾರು ದಾರಿಯಲ್ಲಿ ನಿಂತಿತು. ಎಳೆಸಿಕೊಂಡು ಹೋದ ಕಾರ್ಯಾಗಾರದಲ್ಲಿ ಸ್ಕ್ಯಾನರ್ ಹಚ್ಚಿ, ಗಣಕದೊಡನೆ ಸಂಪರ್ಕವಿಲ್ಲ, ಬದಲಾಯಿಸಲೇಬೇಕು ಎಂದರು. ಮುಂಗಡ ಕೊಡಲು ಸಿದ್ಧನಾಗಿದ್ದೆ. ಜೊತೆಗಿದ್ದ ವಿಸ್ತರಣಾ ಕಾರ್ಯಕರ್ತರೊಬ್ಬರು, ಪಂಪ್‌ಸೆಟ್ಟಿನ ಸ್ಟಾರ್ಟರುಗಳೊಡನೆ ಗುದ್ದಾಡಿ ಅಭ್ಯಾಸವಿದ್ದವರು, ಬ್ಯಾಟರಿಯ ತಟ್ಟೆಯನ್ನು ಎತ್ತಿ ನೋಡಿದರು. ಅದರಡಿಯ ಅರ್ತ್ ತಂತಿಯ ತುದಿ ಹಸಿರು ಕಿಲುಬು ಹಿಡಿದು ಪುಡಿಯಾಗಿತ್ತು. ತುದಿ ಕತ್ತರಿಸಿ ಹೊಸ ಲಗ್ ಒತ್ತಿದ ಮೇಲೆ ಕಾರು ಎದ್ದಿತು. ಆ ತಂತಿಯ ತುಂಡು ಇಂದಿಗೂ ನನ್ನ ಮೇಜಿನ ಮೇಲಿದೆ.

ಆದ್ದರಿಂದ ಕೆಳಗಿನವನ್ನು ನೋಡದೆ ಯಾರೂ ಗಣಕಕ್ಕೆ ಹಣ ಕಟ್ಟಕೂಡದು. ನಿಂತ ಗಾಡಿಯ ಬ್ಯಾಟರಿ ಸುಮಾರು 12.5 ವೋಲ್ಟ್ ತೋರಬೇಕು, ಸ್ಟಾರ್ಟರ್ ತಿರುಗುವಾಗ 10 ವೋಲ್ಟಿಗಿಂತ ತೀರ ಕೆಳಗಿಳಿಯಬಾರದು. ಗಣಕದ ಫ್ಯೂಸು, ಮುಖ್ಯ ರಿಲೇ ಮತ್ತು ಅರ್ತ್ ತಂತಿಗಳನ್ನು ಪರೀಕ್ಷಿಸಬೇಕು. ಅಡಿಕೆ, ಭತ್ತದ ಕಣಜದ ಪಕ್ಕದಲ್ಲಿ ನಿಲ್ಲಿಸುವ ಗಾಡಿಯಲ್ಲಿ ಇಲಿ ಕಡಿದ ತಂತಿಗಳನ್ನು ಮರೆಯದೆ ಹುಡುಕಬೇಕು. ಅನೇಕರಿಗೆ ತಿಳಿಯದ ಇನ್ನೊಂದು ಸಂಗತಿಯುಂಟು. ಹಲವು ಸಂವೇದಕಗಳಿಗೆ ಗಣಕವೇ 5 ವೋಲ್ಟ್ ಒದಗಿಸುತ್ತದೆ. ಒಂದೇ ಒಂದು ಸಂವೇದಕ ಒಳಗೆ ಶಾರ್ಟ್ ಆದರೂ ಆ 5 ವೋಲ್ಟ್ ಕುಸಿದು, ಗಣಕವೇ ಸತ್ತಂತೆ ತೋರಬಹುದು. ಸಂವೇದಕಗಳ ಪ್ಲಗ್ಗನ್ನು ಒಂದೊಂದಾಗಿ ಕಳಚುತ್ತಾ ಹೋದರೆ ಯಾವುದೋ ಒಂದರಲ್ಲಿ ವೋಲ್ಟೇಜ್ ಮರಳಿ ಬರುತ್ತದೆ. ದೋಷ ಅಲ್ಲಿದೆ. ಸ್ಕ್ಯಾನರಿನಲ್ಲಿ ಪಿ 0606 ಸಂಕೇತ ಬಂದರೆ ಗಣಕದ ಒಳಗನ್ನೇ ಸಂಶಯಿಸಲು ಕಾರಣವಿದೆ. ಯು 0100 ಎಂಬುದು ಸಂಪರ್ಕ ತಪ್ಪಿದೆಯೆಂದಷ್ಟೇ ಹೇಳುತ್ತದೆ, ತಂತಿಯಲ್ಲಿಯೂ ಅದರ ಮೂಲ ಇರಬಹುದು.

ತದ್ರೂಪು ಮಾಡುವ ಬಗೆ

ಮೀಸಲು ಪೆಟ್ಟಿಗೆಯ ಯಂತ್ರಾಂಗದ ಸಂಖ್ಯೆಯು ಮೂಲದ್ದಕ್ಕೆ ಕೊನೆಯ ಅಂಕಿಯವರೆಗೂ ಹೊಂದಬೇಕು. ಬಾಷ್ ಪೆಟ್ಟಿಗೆಯಾದರೆ ಚೀಟಿಯ ಮೇಲೆ ಹತ್ತು ಅಂಕಿಯ ಸಂಖ್ಯೆಯಿರುತ್ತದೆ. 0281ರಿಂದ ಆರಂಭವಾದರೆ ಡೀಸೆಲ್, 0261 ಆದರೆ ಪೆಟ್ರೋಲ್. ಹೊರನೋಟಕ್ಕೆ ಒಂದೇ ಎಂಬುದು ಸಾಲದು.

ಓದುವ ಕೆಲಸವನ್ನು ಪೆಟ್ಟಿಗೆಯನ್ನು ಗಾಡಿಯಿಂದ ಕಳಚಿ, ಮೇಜಿನ ಮೇಲೆ ಸ್ಥಿರವಾದ ವಿದ್ಯುತ್ ಕೊಟ್ಟು ಮಾಡುವುದು ಉತ್ತಮ. ಸ್ಟಿಯರಿಂಗಿನ ಕೆಳಗಿರುವ 16 ಪಿನ್ನಿನ ಸಾಕೆಟ್ಟಿನ ಮೂಲಕ ಓದಿದಾಗ ಅನೇಕ ಸಲ ಮೊದಲನೆಯ ಬಗೆಯ ಮಾಹಿತಿಯಷ್ಟೇ ಸಿಕ್ಕಿ, ನಿಮ್ಮ ಗಾಡಿಯ ಗುಟ್ಟುಗಳು ಉಳಿದುಬಿಡುತ್ತವೆ. ಅಂತಹ ಅರೆ ಪ್ರತಿಯಿಂದ ಮಾಡಿದ ಪೆಟ್ಟಿಗೆ ಜೋಡಿಸಿದರೆ ಇಮ್ಮೊಬಿಲೈಸರ್ ದೀಪ ಮಿನುಗುತ್ತದೆಯೇ ಹೊರತು ಇಂಜಿನ್ ನಿಲ್ಲದೆ ಓಡದು. ಎರಡು ಬಾರಿ ಓದಿಸಿ, ಎರಡೂ ಕಡತಗಳು ಪರಸ್ಪರ ಹೊಂದುತ್ತವೆಯೇ ಎಂದು ಕೇಳಿರಿ. ಮೂಲ ಪೆಟ್ಟಿಗೆಯ ಮೇಲೆ ಏನನ್ನೂ ಬರೆಯಲು ಬಿಡಬಾರದು. ಬರೆಯುವುದೇನಿದ್ದರೂ ಮೀಸಲು ಪೆಟ್ಟಿಗೆಯ ಮೇಲೆ. ಬರೆಯುವ ಮಧ್ಯದಲ್ಲಿ ಕರೆಂಟು ಹೋದರೆ ಪೆಟ್ಟಿಗೆ ನಿರುಪಯೋಗಿಯಾಗಬಹುದು. ನಮ್ಮ ಕಡೆಯ ಕರೆಂಟಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಇತ್ತೀಚಿನ ಕೆಲವು ಗಣಕಗಳಲ್ಲಿ ಗುಟ್ಟುಗಳನ್ನು ಹೊರಗೆ ಓದಲಾಗದಂತೆ ಪ್ರತ್ಯೇಕ ಭದ್ರತಾ ಭಾಗವನ್ನು ಅಳವಡಿಸಿದ್ದಾರೆ. ಅವುಗಳಿಗೆ ತಯಾರಕರ ಅಧಿಕೃತ ಕೇಂದ್ರವೊಂದೇ ಗತಿ. ವಾರಂಟಿ ಇರುವ ಗಾಡಿಯ ಪೆಟ್ಟಿಗೆಯನ್ನು ಬಿಚ್ಚಿಸಿ ಅದನ್ನು ಕಳೆದುಕೊಳ್ಳುವುದೂ ಜಾಣತನವಲ್ಲ.

ಜೋಡಿಸಿ ಓಡಿಸದ ಮೀಸಲು ಪೆಟ್ಟಿಗೆಯನ್ನು ಮೀಸಲೆಂದು ಎಣಿಸಬೇಡಿ. ಮಾಡಿಸಿದ ದಿನವೇ ಅದನ್ನು ಹಾಕಿ, ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಹೋಗಿ ಬರುವಷ್ಟು ದೂರ ಓಡಿಸಿ, ದೋಷ ಸಂಕೇತಗಳಿಲ್ಲವೆಂದು ಖಚಿತವಾದ ಮೇಲೆ ಕಳಚಿಡಬೇಕು. ಮುಂದೆ ಇಂಜೆಕ್ಟರ್ ಬದಲಾಯಿಸಿದರೆ ಹೊಸ ಸಂಕೇತವನ್ನು ಮೀಸಲಿನಲ್ಲಿಯೂ ಸೇರಿಸಬೇಕಾಗುತ್ತದೆ. ಮಸಿಯ ಲೆಕ್ಕವೂ ಪ್ರತಿ ತೆಗೆದ ದಿನಕ್ಕೇ ನಿಂತಿರುತ್ತದೆ, ವರ್ಷದ ನಂತರ ಜೋಡಿಸಿದಾಗ ಸ್ಕ್ಯಾನರಿನಿಂದ ಅದನ್ನು ಸರಿಪಡಿಸತಕ್ಕದ್ದು. ಮೂಲದಲ್ಲಿ ದೋಷ ಹುಟ್ಟಿದ ಮೇಲೆ ಪ್ರತಿ ತೆಗೆದರೆ ಆ ಕೆಟ್ಟ ಮಾಹಿತಿಯೂ ಜೊತೆಗೆ ಬರಬಹುದು. ಕಂದನ್ನು ಆರೋಗ್ಯವಂತ ತಾಯಿಯಿಂದಲೇ ಆರಿಸುವಂತೆ, ಗಾಡಿ ಚೆನ್ನಾಗಿರುವಾಗಲೇ ಪ್ರತಿ ತೆಗೆಸಿರಿ.

ಯಾರಿಗೆ ಬೇಕು?

ನನ್ನ ಅಭಿಪ್ರಾಯದಲ್ಲಿ ಒಂದೇ ಗಾಡಿಯಿರುವ ಕುಟುಂಬಕ್ಕೆ ಎರಡನೆಯ ಪೆಟ್ಟಿಗೆ ಅನಗತ್ಯ. ಓದಿಸಿದ ಕಡತವಿದ್ದರೆ ಸಾಕು. ಗಣಕ ಸುಟ್ಟುಹೋದರೆ ಹಳೆಯ ಪೆಟ್ಟಿಗೆಯೊಂದು ಆಮೇಲೂ ಸಿಗಬಹುದು, ಆದರೆ ಸತ್ತ ಪೆಟ್ಟಿಗೆಯಿಂದ ಮಾಹಿತಿ ಮರಳುವ ಭರವಸೆಯಿಲ್ಲ. ಸುಗ್ಗಿಯಲ್ಲಿ ದಿನವೂ ಬಾಡಿಗೆಗೆ ಓಡುವ ಪಿಕಪ್‌ಗೆ ಮಾತ್ರ, ನಿಂತ ಪ್ರತಿ ದಿನದ ನಷ್ಟವನ್ನು ಪೆಟ್ಟಿಗೆಯ ಬೆಲೆಯೊಡನೆ ತೂಗಿ ನೋಡಿ ನಿರ್ಧರಿಸಬಹುದು. ಪ್ರತಿಯೊಂದು ಗಾಡಿಯ ಮಾಹಿತಿ ಬೇರೆಯಾದ್ದರಿಂದ ಇಬ್ಬರು ನೆರೆಯವರು ಸೇರಿ ಒಂದೇ ಕ್ಲೋನ್ ಇಟ್ಟುಕೊಳ್ಳಲಾಗದು. ಆದರೆ ಒಂದೇ ಮಾದರಿಯ ಗಾಡಿಗಳಿದ್ದರೆ, ಒಂದು ಖಾಲಿ ಪೆಟ್ಟಿಗೆ ಮತ್ತು ಅವರವರ ಕಡತಗಳು ಸಾಕು.

ಪೆಟ್ಟಿಗೆ ಕೊಳ್ಳುವಾಗ ರಸೀದಿ ಪಡೆಯಿರಿ, ಕದ್ದ ಗಾಡಿಯ ಭಾಗಗಳೂ ಗುಜರಿಯಲ್ಲಿ ಸೇರಿರುತ್ತವೆ. ಕಡತವನ್ನು ಎರಡು ಪೆನ್‌ಡ್ರೈವ್‌ಗಳಲ್ಲಿ ಮನೆಯಲ್ಲಿಡಿ. ನಿಮ್ಮ ಇಮ್ಮೊಬಿಲೈಸರ್ ಗುಟ್ಟು ಅದರಲ್ಲಿರುವುದರಿಂದ ಮನೆಯ ಬೀಗದ ಕೈಯಷ್ಟೇ ಜೋಪಾನ ಬೇಕು. "ಹೇಗೂ ಬಿಚ್ಚಿದ್ದೇವೆ, ಶಕ್ತಿ ಹೆಚ್ಚಿಸಿ ಹೊಗೆ ನಿಯಂತ್ರಣ ತೆಗೆದುಬಿಡೋಣ" ಎಂಬ ಸಲಹೆ ಬಂದರೆ ಒಪ್ಪಬೇಡಿ. ತಯಾರಕರ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ನಿರ್ಬಂಧಿಸುತ್ತದೆ.

ಗಾಡಿಯಲ್ಲಿರುವ ಗಣಕವನ್ನು ಕಾಯುವುದು ಇದಕ್ಕಿಂತ ಅಗ್ಗ. ಚಾಸಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಮತ್ತು ಗಣಕದ ಪ್ಲಗ್ಗುಗಳನ್ನು ಕಳಚಿಸಿ. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ತೆಗೆಯಬೇಡಿ. 24 ವೋಲ್ಟಿನ ಲಾರಿಯಿಂದ ಜಂಪ್ ಕೊಡಿಸಬೇಡಿ. ಗದ್ದೆಯ ಕೆಸರು ತೊಳೆಯುವ ಪಂಪಿನ ನೀರನ್ನು ಬಾನೆಟ್ಟಿನೊಳಕ್ಕೆ ಹೊಡೆಯಬೇಡಿ. ಮೀಸಲು ಪೆಟ್ಟಿಗೆಯಿದ್ದರೆ ಸಿಲಿಕಾ ಜೆಲ್ ಪೊಟ್ಟಣದೊಡನೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಯೂರಿಯಾ, ಪೊಟ್ಯಾಷ್ ಚೀಲಗಳಿರುವ ಕೋಣೆಯಿಂದ ದೂರವಿಡಿ. ನಮ್ಮ ಮಳೆಗಾಲದ ತೇವದಲ್ಲಿ ಗೊಬ್ಬರದ ಧೂಳು ಪಿನ್ನುಗಳನ್ನು ಬಹುಬೇಗ ತಿನ್ನುತ್ತದೆ.