ಮುಗಿಯದ ಕರಾರು: ಅಮೆರಿಕದ ವೈಮಾನಿಕರ ಪಾಡು

ವಿಮಾನ ನಡೆಸುವವನಿಗೆ ಕೈತುಂಬ ಸಂಬಳ, ಮೈಮೇಲೆ ಅಂದದ ಸಮವಸ್ತ್ರ. ಅವನಿಗೇನು ಕೊರತೆ ಎಂದು ನಾವು ಕೇಳುವುದುಂಟು. ಆದರೂ ಅಮೆರಿಕದ ವಿಮಾನ ನಿಲ್ದಾಣಗಳ ಮುಂದೆ ವೈಮಾನಿಕರು ಫಲಕ ಹಿಡಿದು ಸಾಲಾಗಿ ನಿಲ್ಲುವ ದೃಶ್ಯ ಅಪರೂಪವಲ್ಲ. ಅವರ ಬೇಸರ ಬರಿಯ ಹಣದ್ದಲ್ಲ, ಕಾದು ಕಾದು ಸೋತವರ ಬೇಸರ. ಅದರ ಮೂಲವಿರುವುದು ಹಳೆಯದೊಂದು ಕಾನೂನಿನಲ್ಲಿ.

ರೈಲು ನಿಂತರೆ ದೇಶದ ವ್ಯಾಪಾರವೇ ನಿಂತೀತೆಂಬ ಭಯದಿಂದ ಅಲ್ಲಿನ ಸರ್ಕಾರ 1926ರಲ್ಲಿ ರೈಲ್ವೆ ಕಾರ್ಮಿಕ ಕಾಯಿದೆಯನ್ನು ಮಾಡಿತು. ಮುಷ್ಕರಕ್ಕೆ ಮುನ್ನ ಮಾತುಕತೆಯ ಎಲ್ಲ ಬಾಗಿಲುಗಳನ್ನೂ ತಟ್ಟಬೇಕೆಂಬುದು ಅದರ ತಿರುಳು. 1936ರಲ್ಲಿ ಅದು ವಿಮಾನ ಕಂಪೆನಿಗಳಿಗೂ ಅನ್ವಯಿಸಿತು. ಹಾಗೆ ಆಗಲೆಂದು ಒತ್ತಾಯಿಸಿದ್ದು 1931ರಲ್ಲಿ ಹುಟ್ಟಿದ ವೈಮಾನಿಕರ ಸಂಘವೇ! ಕಾನೂನಿನ ಆಸರೆಯಿಲ್ಲದ ಆ ದಿನಗಳಲ್ಲಿ ಅವರಿಗೆ ಅದು ದೊಡ್ಡ ರಕ್ಷಣೆಯಾಗಿ ಕಂಡಿತ್ತು.

ಈ ಕಾಯಿದೆಯಂತೆ ಕರಾರಿಗೆ ಕೊನೆಯೆಂಬುದಿಲ್ಲ. ಗೊತ್ತಾದ ದಿನ ಬಂದಾಗ ಅದು ತಿದ್ದುಪಡಿಗೆ ತೆರೆದುಕೊಳ್ಳುತ್ತದೆ, ಅಷ್ಟೆ. ಬಾಡಿಗೆ ಕರಾರಿನ ಅವಧಿ ತೀರಿದ ಮೇಲೂ ಹೊಸದು ಬರೆಯುವ ತನಕ ಹಳೆಯ ಬಾಡಿಗೆಯೇ ನಡೆದುಬಂದಂತೆ, ವೈಮಾನಿಕನು ಹಳೆಯ ಸಂಬಳದಲ್ಲೇ ಹಾರುತ್ತಿರಬೇಕು. ಮಾತು ಮುರಿದರೆ ಮೂವರು ಸದಸ್ಯರ ರಾಷ್ಟ್ರೀಯ ಮಧ್ಯಸ್ಥಿಕೆ ಮಂಡಲಿ ನಡುವೆ ಬರುತ್ತದೆ. ಅದಕ್ಕೆ ಕಾಲದ ಮಿತಿಯಿಲ್ಲ. ಇನ್ನು ಸಾಧ್ಯವಿಲ್ಲವೆಂದು ಮಂಡಲಿಯೇ ಒಪ್ಪಿ, ಪಂಚಾಯ್ತಿಗೂ ಒಂದು ಪಕ್ಷ ಒಲ್ಲೆನೆಂದರೆ, ಬಳಿಕ 30 ದಿನಗಳ ಶಾಂತಿಕಾಲ. ಅದು ಕಳೆದ ಮೇಲೆಯೇ ಮುಷ್ಕರ. ಆಗಲೂ ಅಧ್ಯಕ್ಷರು ತುರ್ತು ಮಂಡಲಿಯೊಂದನ್ನು ನೇಮಿಸಿ ಅದನ್ನು ತಡೆಯಬಹುದು. 1997ರ ಫೆಬ್ರವರಿಯಲ್ಲಿ ಅಮೆರಿಕನ್ ಏರ್‌ಲೈನ್ಸ್ ವೈಮಾನಿಕರ ಮುಷ್ಕರವನ್ನು ಅಧ್ಯಕ್ಷ ಕ್ಲಿಂಟನ್ ಕೆಲವೇ ನಿಮಿಷಗಳಲ್ಲಿ ನಿಲ್ಲಿಸಿದ್ದು ಹೀಗೆ. 2010ರ ಜೂನ್‌ನಲ್ಲಿ ಸ್ಪಿರಿಟ್ ಕಂಪೆನಿಯ ವೈಮಾನಿಕರು ಮುಷ್ಕರ ಹೂಡಿದ್ದು ಮೂರು ವರ್ಷಕ್ಕೂ ಮೀರಿದ ಮಾತುಕತೆಯ ಬಳಿಕ. ಡೆಲ್ಟಾ ಕಂಪೆನಿಯಲ್ಲಿ 2019ರ ಕೊನೆಗೆ ತಿದ್ದುಪಡಿಗೆ ಬಂದ ಕರಾರು, ನಡುವೆ ಕೋವಿಡ್ ಪಿಡುಗೂ ಬಂದುದರಿಂದ, ಹೊಸದಾದದ್ದು 2023ರ ಮಾರ್ಚಿಯಲ್ಲಿ.

ಇದು ಹೊಸ ಕರಾರಿನ ಮಾತಾಯಿತು. ಇರುವ ಕರಾರನ್ನೇ ಕಂಪೆನಿ ಮೀರಿದರೆ? ರಜೆಯ ದಿನ ಕೆಲಸಕ್ಕೆ ಕರೆದರು, ಹಿರಿತನದ ಸರದಿ ತಪ್ಪಿಸಿದರು ಎಂದಿಟ್ಟುಕೊಳ್ಳೋಣ. ಇದಕ್ಕಾಗಿ ಮುಷ್ಕರ ಹೂಡುವಂತಿಲ್ಲ. ಸುರಕ್ಷತೆಗೆ ಧಕ್ಕೆಯಿಲ್ಲದಿದ್ದರೆ ಮೊದಲು ಹಾರಿ ಬರಬೇಕು, ಆಮೇಲೆ ದೂರು ಕೊಡಬೇಕು. ದೂರು ಕಂಪೆನಿಯ ಅಧಿಕಾರಿಗಳ ಹಂತದಲ್ಲಿ ಬಗೆಹರಿಯದಿದ್ದರೆ, ಎರಡೂ ಪಕ್ಷಗಳಿಂದ ಸಮಸಂಖ್ಯೆಯ ಸದಸ್ಯರುಳ್ಳ ಮಂಡಲಿಗೆ ಹೋಗುತ್ತದೆ. ಅಲ್ಲಿ ಮತಗಳು ಸಮವಾದರೆ ತಟಸ್ಥನಾದ ತೀರ್ಪುಗಾರನೊಬ್ಬ ಬರಬೇಕು. ಅವನ ಮಾತೇ ಕೊನೆಯದು. ನ್ಯಾಯಾಲಯಗಳು ಅದರಲ್ಲಿ ಕೈಹಾಕುವುದು ತೀರ ವಿರಳ. ತೀರ್ಪು ತನ್ನ ಕಡೆಗೇ ಬಂದರೂ, ತಪ್ಪಿಹೋದ ಮಗಳ ಹುಟ್ಟುಹಬ್ಬವನ್ನು ವೈಮಾನಿಕನಿಗೆ ಯಾರು ಮರಳಿ ಕೊಟ್ಟಾರು?

ಕಾಯುವ ಸಿಟ್ಟು ಹಲವು ಬಾರಿ ತಿರುಗುವುದು ಸಂಘದ ಮುಖಂಡರ ಮೇಲೆಯೇ. ಬಾಗಿಲು ಮುಚ್ಚಿ ನಡೆಯುವ ಮಾತುಕತೆಯ ವಿವರವನ್ನು ಅವರು ಹೊರಗೆ ಹೇಳುವಂತಿಲ್ಲ. ಒಳಗೇನಾಗುತ್ತಿದೆಯೆಂದು ಸದಸ್ಯರಿಗೆ ತಿಳಿಯುವುದಿಲ್ಲ.

ಪ್ರಯಾಣಿಕನ ಪಾಲಿಗೆ ಈ ಕಾಯಿದೆ ಒಳ್ಳೆಯದೇ ಮಾಡಿದೆ. ಅಮೆರಿಕದಲ್ಲಿ ವೈಮಾನಿಕರ ಮುಷ್ಕರ ಅಪರೂಪ. ಆದರೆ ನಾವು ಹೊತ್ತಿಗೆ ಸರಿಯಾಗಿ ಊರು ಸೇರುವುದಕ್ಕೆ ತೆತ್ತ ಬೆಲೆಯಲ್ಲಿ, ವಿಮಾನದ ಮುಂಭಾಗದಲ್ಲಿ ಕುಳಿತವನ ತಾಳ್ಮೆಯೂ ಸೇರಿದೆಯೆಂಬುದನ್ನು ಮರೆಯಬಾರದು.